ವಯೋಲಾದ ಪಕ್ಕದ ಕುರ್ಚಿ

ಹಲಸೂರು
೧೫ ಸೆಪ್ಟೆಂಬರ್ ೨೦೨೪

ಮಗಳು ರಮ್ಯಶ್ರೀಗೆ ಅಪ್ಪನ ಆಶೀರ್ವಾದ.

"ಈ ವಯಸ್ಸಲ್ಲಿ ನಿಮಗ್ಯಾಕಪ್ಪಾ ಸಂಗೀತದ ಕ್ಲಾಸು?" ಎಂದು ನೀನು ಫೋನಿನಲ್ಲಿ ಕೇಳಿ ತಿಂಗಳಾಯಿತು. ಕುಕ್ಕರ್ ಕೂಗ್ತಿದೆ ಎಂದು ಸುಳ್ಳು ಹೇಳಿ ಇಟ್ಟುಬಿಟ್ಟೆ. ಬರೆಯೋಣವೆಂದರೆ ಮೊಣಕಾಲು ನೋವು, ನಿನ್ನ ದೊಡ್ಡಪ್ಪನ ಮನೆಯ ಗೃಹಪ್ರವೇಶ, ಹೀಗೆ ಡಿಲೇ ಆಯಿತು. ಕೈಂಡ್ಲಿ ಎಕ್ಸ್‌ಕ್ಯೂಸ್.

ನಿನ್ನಮ್ಮ ಶನಿವಾರ ಶನಿವಾರ ಪಿಟೀಲು ಹಿಡಿದು ಕುಕ್ ಟೌನಿನ ಶೀಬಾ ಮೇಡಂ ಮನೆಗೆ ಹೋಗುತ್ತಿದ್ದಳಲ್ಲ, ಅವಳು ತೀರಿಹೋದ ಮೇಲೆ ನಾನೂ ಅಲ್ಲಿಗೇ ಹೋಗುತ್ತಿದ್ದೇನೆ. ನುಡಿಸಲು ಅಲ್ಲ. ನಾಲ್ವರು ಕೂಡಿ ನುಡಿಸುವ ಆ ಸಂಗೀತದ ಕಟ್ಟಡ ಹೇಗಿರುತ್ತದೆ, ಫಾರ್ಮ್ ಅನ್ನುತ್ತಾರೆ, ಅದನ್ನು ಕಲಿಯಲು. ಟು ಬಿ ಫ್ರ್ಯಾಂಕ್, ಅವಳ ಜೊತೆ ನುಡಿಸುತ್ತಿದ್ದ ಶಾಹಬಾಜನಿಗೆ ಅವಳ ಬಗ್ಗೆ ತಿಳಿದಿದ್ದು, ನನಗೆ ತಿಳಿಯದೆ ಹೋಗಿದ್ದು ಏನೆಂದು ಪತ್ತೆ ಮಾಡಲು. ಗಾಬರಿಯಾಗಬೇಡ. ಐ ಯಾಮ್ ನಾಟ್ ದಟ್ ಟೈಪ್ ಆಫ್ ಹಸ್ಬೆಂಡ್.

ಶಾಹಬಾಜ್ ಶಿವಾಜಿನಗರದವನು. ಪಿಟೀಲಿಗಿಂತ ತುಸು ದೊಡ್ಡದಾದ ವಯೋಲಾ ನುಡಿಸುತ್ತಾನೆ. ಎಷ್ಟೋ ವರ್ಷ ಅವಳ ಪಕ್ಕದ ಕುರ್ಚಿ ಅವನದೇ. ಸುಮಿತ್ರಾ ಎಂದು ಹೆಸರು ಹಿಡಿದೇ ಕರೆಯುತ್ತಾನೆ. ಕಟ್ಟಿಕೊಂಡವನು ನಾನು, ಕೊನೆಯವರೆಗೂ "ಲೇ, ಇವಳೇ" ಎನ್ನುವುದರಲ್ಲೇ ಆಯಿತು.

ಹೋದ ವಾರ ಮೇಡಂ ಪಾಠ ಹೇಳಿದರು. "ಎರಡು ಧಾಟಿ ಇರುತ್ತೆ ಅಂಕಲ್. ಒಂದು ಮನೆ ಶ್ರುತೀಲಿ, ಇನ್ನೊಂದು ಬೇರೆ ಶ್ರುತೀಲಿ. ನಡುವೆ ಎರಡೂ ಎಲ್ಲೆಲ್ಲೋ ಅಲೀತಾವೆ. ಕೊನೇಗೆ ಎರಡನೇದೂ ಮನೆ ಶ್ರುತಿಗೇ ಬರುತ್ತೆ."

"ಅಂದ್ರೆ ಹೆಣ್ಣು ಗಂಡನ ಮನೆ ಸೇರ್ದಂಗೆ" ಎಂದು ಶಾಹಬಾಜನನ್ನು ನೋಡಿದೆ, ಕೇಸು ಗೆದ್ದವನ ಹಾಗೆ.

ಅವನು ವಯೋಲಾ ಒರೆಸುತ್ತ, "ಸೇರೋದೇನೋ ಸರಿ ಸಾರ್. ಆದ್ರೆ ಸುಮಿತ್ರಾಗೆ ನಡುವೆ ಅಲೆದಾಡೋ ಭಾಗನೇ ಪ್ರಾಣ. ಅಲ್ಲಿಗೆ ಬಂದ್ರೆ ಜೋರಾಗಿ ನಕ್ಬಿಡ್ತಿದ್ರು" ಎಂದ.

ನಮ್ಮ ಮನೆಯಲ್ಲಿ ಬಾಯಿಗೆ ಸೆರಗು ಹಿಡಿಯದೆ ನಕ್ಕವಳಲ್ಲ ಅವಳು. ಅಲ್ಲಿ ಒಂದು ಕೈಯಲ್ಲಿ ಪಿಟೀಲು, ಇನ್ನೊಂದರಲ್ಲಿ ಕಮಾನು. ಸೆರಗು ಹಿಡಿಯುವುದೆಲ್ಲಿ ಬಂತು? ಆ ನಗುವನ್ನು ಅವನು ಪೂರ್ತಿ ನೋಡಿದ್ದಾನೆ. ಹೊಟ್ಟೆ ಉರಿಯಿತಮ್ಮ. ಬಾಣಸವಾಡಿಯಿಂದ ಬಂದ ಬಸ್ಸು ಹತ್ತಿ, ಇಳಿಯಬೇಕಾದ ಸ್ಟಾಪು ಬಿಟ್ಟು ಎಲ್ಲೋ ಇಳಿದೆ.

ದೀಪಾವಳಿಗೆ ಅಳಿಯಂದಿರ ಜೊತೆ ಬಾ. ಒಬ್ಬರ ನಗು ಇನ್ನೊಬ್ಬರಿಗೆ ಕಾಣುವಂತೆ ದೇವರು ನಿಮ್ಮಿಬ್ಬರನ್ನೂ ಇಟ್ಟಿರಲಿ.

ಯುವರ್ಸ್ ಫೇತ್‌ಫುಲಿ,
ನಿನ್ನ ಅಪ್ಪ
ಮುನಿಕೃಷ್ಣಪ್ಪ

ಇನ್ನೊಂದು ಮಾತು. ನಿನ್ನೆ ಹೊಸ ಪಾಠವಾಯಿತು. ನಾಲ್ವರು ನುಡಿಸುವಾಗ ಮುಂದೆ ನಿಂತು ಕೈ ಆಡಿಸುವವರಿಲ್ಲ. ಒಬ್ಬರು ಕಣ್ಣಿಗೆ ಕಣ್ಣು ಕೊಟ್ಟು ಜೋರಾಗಿ ಉಸಿರೆಳೆಯುತ್ತಾರೆ, ಉಳಿದವರೂ ಜೊತೆಗೇ ಎಳೆದು ಶುರು ಮಾಡುತ್ತಾರೆ. ಆಸ್ಪತ್ರೆಯಲ್ಲಿ ಆ ಸಂಜೆ ಶಾಹಬಾಜ್ ನೋಡಲು ಬಂದಾಗ ನಿನ್ನಮ್ಮ ಅವನ ಮುಖ ನೋಡಿ ಹಾಗೇ ಉಸಿರೆಳೆದಳು. ಅವನೂ ಎಳೆದ. ನಾನು ಉಸಿರು ಕಟ್ಟಿತೆಂದು ನರ್ಸನ್ನು ಕೂಗುತ್ತ ಹೊರಗೆ ಓಡಿದೆ. ತಿರುಗಿ ಬರುವಷ್ಟರಲ್ಲಿ ಅವನ ಬೆರಳುಗಳು ಮಂಚದ ಕಂಬಿಯ ಮೇಲೆ, ತಂತಿ ಒತ್ತುವಂತೆ, ಇನ್ನೂ ಆಡುತ್ತಿದ್ದವು. ಅವಳು ಇರಲಿಲ್ಲ.