ಬಿಸಿನೀರಿಗೆ ಉಡಿ ತುಂಬಿದವರ ಪರವಾಗಿ

ಪರಿಸರ ಅನುಮತಿಯ ಕುರ್ಚಿಯಲ್ಲಿ ಕುಳಿತ ಮಾನ್ಯರೇ,

ಮುಂಬಯಿ ಪಕ್ಕದ ಮುಂಬ್ರಾದ ಆಚೆ, ಕಡಲ ನೀರು ಒಳಬರುವ ನಮ್ಮ ಖಾಡಿಯ ದಂಡೆಯಲ್ಲಿರುವ ಅನಿಲ ವಿದ್ಯುತ್ ಸ್ಥಾವರಕ್ಕೆ ಎರಡನೇ ಘಟಕ ಕಟ್ಟಲು ನೀವು ಅನುಮತಿ ಕೊಡಲಿದ್ದೀರಿ ಎಂದು ಕೇಳಿದೆ. ಕೊಡಬೇಡಿ. ಮೊದಲನೇ ಘಟಕ ಬಿಡುತ್ತಿರುವ ಬಿಸಿನೀರಿಗೇ ಖಾಡಿಯ ಚಿಪ್ಪುಮೀನು ಸತ್ತು, ದಂಡೆಯ ಹೆಂಗಸರ ಬುಟ್ಟಿ ಬರಿದಾಗಿದೆ.

ವಾಶಿಯ ತಂಪು ಸಭಾಂಗಣದಲ್ಲಿ ನೀವು ನಡೆಸಿದ ಅಹವಾಲು ಸಭೆಗೆ ನಾನೂ ಬಂದಿದ್ದೆ. ಖಾಡಿಯ ಜನರ ಅಹವಾಲನ್ನು ಖಾಡಿಯ ವಾಸನೆ ಬಾರದ ಜಾಗದಲ್ಲಿ, ಅದೂ ದುಡಿಮೆಯ ದಿನ ಕೇಳುವ ನಿಮ್ಮ ಜಾಣತನಕ್ಕೆ ಶರಣು. ಪರದೆಯ ಮೇಲೆ ನೀವೊಂದು ಫೋಟೋ ತೋರಿಸಿದಿರಿ. ಹಸಿರು ಬಳೆ, ಇಳಕಲ್ ಸೀರೆಯ ಹೆಂಗಸರು ಸ್ಥಾವರದ ನೀರು ಬೀಳುವ ಕೊಳವೆಗೆ ಅರಿಶಿನ, ಕುಂಕುಮ, ಖಣ, ತೆಂಗಿನಕಾಯಿ ಏರಿಸುತ್ತಿದ್ದಾರೆ. ಕೆಳಗೆ ಬರೆದಿತ್ತು: ಸ್ಥಳೀಯರಿಂದ ಸಂಭ್ರಮದ ಸ್ವಾಗತ. ನನ್ನ ಪಕ್ಕದಲ್ಲಿ ಕುಳಿತಿದ್ದ ಚಂದ್ರಬಾಯಿ ಎದ್ದೇಬಿಟ್ಟಳು.

“ಅಯ್ಯ ಶಿವನ, ನಾ ಅದೀನಲ್ಲ ಅದರಾಗ!”

ಹೌದು, ಅವಳೇ. ಕಲಬುರಗಿ ಕಡೆಯ ಹೆಣ್ಣುಮಗಳು. ಗಂಡ ವಿಠಲ ಖಾಡಿಯಲ್ಲಿ ಮರಳು ತೆಗೆದು ದೋಣಿಗೆ ತುಂಬುತ್ತಿದ್ದ. ಅವನ ಸೊಂಟ ಹೋದ ಮೇಲೆ ಇವಳು ಇಲ್ಲಿಯ ಮೀನುಗಾರ ಕೋಳಿ ಜನಾಂಗದ ಹೆಂಗಸರ ಹಿಂದೆ ನಡೆದು ಕೆಸರಲ್ಲಿ ಚಿಪ್ಪು ಹೆಕ್ಕಲು ಕಲಿತಳು. ಸಮುದ್ರವನ್ನೇ ಕಾಣದೆ ಬೆಳೆದವಳು ಇಳಿತದ ಹೊತ್ತನ್ನು ಲೋಕಲ್ ಟ್ರೇನಿನ ಹೊತ್ತಿನಂತೆ ಬಾಯಿಪಾಠ ಮಾಡಿದಳು. ಹೆಕ್ಕಿದ್ದನ್ನು ಡೊಂಬಿವಲಿಯ ನಮ್ಮ ಕರಾವಳಿ ಮಂದಿಗೆ ಮಾರುತ್ತಿದ್ದಳು. ಅವರು ಅದನ್ನು ಮರುವಾಯಿ ಎನ್ನುತ್ತಾರೆ, ಕಾಯಿಮಸಾಲೆ ಹಾಕಿ ಸುಕ್ಕ ಮಾಡುತ್ತಾರೆ.

ಇನ್ನು ಆ ಪೂಜೆ. ನಮ್ಮ ಕಡೆ ಹೊಳೆಗೋ ಕೆರೆಗೋ ಹೊಸನೀರು ಬಂದರೆ ಹೆಂಗಸರು ಗಂಗಮ್ಮನಿಗೆ ಉಡಿ ತುಂಬುತ್ತಾರೆ. ತವರಿಗೆ ಬಂದ ಮಗಳನ್ನು ಬರಿಗೈಲಿ ಕಳಿಸಬಾರದಲ್ಲ, ಹಾಗೆ. ಸ್ಥಾವರ ಶುರುವಾದ ಮೊದಲ ಚಳಿಗಾಲ ಕೊಳವೆಯಿಂದ ಹಬೆಯಾಡುವ ನೀರು ಬಿತ್ತು. ಬೆಚ್ಚಗಿದ್ದಲ್ಲಿಗೆ ಮೀನು ಗುಂಪುಗೂಡಿದವು, ಬಲೆ ತುಂಬಿದವು. ವಿಠಲ ಮತ್ತು ಅವನ ಜೊತೆಯ ಹಳೆಯ ಮರಳುಗಾರರು ಸೊಂಟದವರೆಗೆ ನೀರಲ್ಲಿ ಕೂತು ನೋವಿಗೆ ಕಾವು ಕೊಟ್ಟುಕೊಳ್ಳುತ್ತ “ಸರ್ಕಾರಿ ಶೇಕ ರೀ ಇದು, ಫುಕಟ್!” ಎಂದು ನಕ್ಕರು. ಇಂಥ ಗಂಗಮ್ಮನಿಗೆ ಉಡಿ ತುಂಬದೆ ಇರಲಾದೀತೆ? ತುಂಬಿದರು, ಹೋಳಿಗೆಯ ನೈವೇದ್ಯವನ್ನೂ ಇಟ್ಟರು. ಸ್ಥಾವರದ ಸಾಹೇಬರು ಓಡಿ ಬಂದು ಫೋಟೋ ಹೊಡೆದುಕೊಂಡರು. ಒಂದು ಹೋಳಿಗೆಯನ್ನೂ ತಿಂದರಂತೆ.

ಬೇಸಿಗೆ ಬಂತು. ಮೊದಲೇ ಕಾದ ಖಾಡಿಗೆ ಕಾದ ನೀರು. ನೀರು ಬಿಸಿಯಾದಷ್ಟೂ ಅದರೊಳಗಿನ ಪ್ರಾಣವಾಯು ಕಡಿಮೆಯಾಗುತ್ತದೆ ಎಂಬುದನ್ನು ನಿಮಗೆ ನಾನು ಹೇಳಿಕೊಡಬೇಕೆ? ಕೊಳವೆಯಲ್ಲಿ ಪಾಚಿ, ಚಿಪ್ಪು ಕಟ್ಟದಿರಲೆಂದು ಹಾಕುವ ಕ್ಲೋರಿನ್ ಬೇರೆ. ಮೀನು ಈಜಿ ಹೋದವು. ಚಿಪ್ಪಿಗೆ ಕಾಲಿದೆಯೇ? ಚಂದ್ರಬಾಯಿಯಿಂದ ಚಿಪ್ಪು ಕೊಳ್ಳುತ್ತಿದ್ದ ಡೊಂಬಿವಲಿಯ ಜಯಲತಕ್ಕ ಬುಟ್ಟಿಗೆ ಕೈಹಾಕಿ ಬೆಚ್ಚಿಬಿದ್ದರು.

“ಒಲೆಗಿಡುವ ಮೊದಲೇ ಎಲ್ಲ ಬಾಯಿ ತೆರೆದುಕೊಂಡಿದೆಯಲ್ಲ ಮಾರಾಯ್ತಿ! ಇದು ಸತ್ತದ್ದು. ನನಗೆ ಬೇಡ.”

“ಮುಂಜಾನೆ ಹೆಕ್ಕೇನ್ರೀ ಅಕ್ಕಾ.”

“ಹೆಕ್ಕಿದ್ದು ಮುಂಜಾನೆಯೇ ಇರಬಹುದು, ಅದು ಸತ್ತದ್ದು ಯಾವಾಗಲೋ.”

ಇಷ್ಟನ್ನೂ ಚಂದ್ರಬಾಯಿ ಸಭೆಯಲ್ಲಿ ಹೇಳಹೊರಟಾಗ ನೀವು ನಗುತ್ತಾ ಕೇಳಿದಿರಿ: “ಬಾಯಿ, ಪೂಜಾ ತೋ ಕಿಯಾ ಥಾ ನಾ?”

“ಕಿಯಾ ಸಾಬ್,” ಪೂಜೆ ಮಾಡಿದ್ದು ಹೌದೆಂದಳು. ಮುಂದೆ ಹಿಂದಿ ಸಾಲದೆ ಕನ್ನಡಕ್ಕಿಳಿದಳು: “ಗಂಗಮ್ಮಗ ಜ್ವರ ಬಂದಾವ ಅಂತ ನಮಗೇನ ಗೊತ್ತಿತ್ರೀ?”

ಸಭೆಯೇ ನಕ್ಕಿತು. ನೀವೂ ನಕ್ಕಿರಿ, ಅರ್ಥವಾಗದೆ. ಈಗ ಅರ್ಥ ಮಾಡಿಕೊಳ್ಳಿ: ಹೆಂಗಸರು ಸ್ವಾಗತಿಸಿದ್ದು ನೀರನ್ನು, ನಿಮ್ಮ ಸ್ಥಾವರವನ್ನಲ್ಲ. ಉಡಿಯ ಅಕ್ಕಿಯನ್ನು ಅನುಮತಿಯ ಮುದ್ರೆಯೆಂದು ಓದುವ ವಿದ್ಯೆ ನಿಮಗೆ ಯಾವ ಕಾಲೇಜಿನಲ್ಲಿ ದಕ್ಕಿತು?

ಕಲ್ಲಿದ್ದಲಿಗಿಂತ ಅನಿಲ ಶುದ್ಧ ಎಂದಿರಿ. ಒಪ್ಪಿದೆ, ಬೂದಿ ಹಾರುವುದಿಲ್ಲ, ಹೊಗೆಯೂ ಕಡಿಮೆ. ಆದರೆ ಕಡಿಮೆ ಎಂದರೆ ಇಲ್ಲ ಎಂದಲ್ಲ. ನಮ್ಮಲ್ಲೊಬ್ಬ ಹುಬ್ಬು ಗಂಟಿಕ್ಕಿದ ತಕ್ಷಣ “ಅನಿಲ ಬೇಡವಾದರೆ ಅಣು ಬರುತ್ತದೆ, ನೋಡಿ” ಎಂದಿರಿ. ಅದು ವಿವರಣೆಯೋ ಬೆದರಿಕೆಯೋ? ಅಣು ಹೊಗೆಯುಗುಳುವುದಿಲ್ಲ, ಸರಿ. ಆದರೆ ಅದಕ್ಕೂ ತಣ್ಣೀರು ಬೇಕು, ಇನ್ನೂ ಹೆಚ್ಚೇ ಬೇಕು. ಕಾಯಿಸಿದ್ದನ್ನು ಅದೂ ಯಾವುದೋ ದಂಡೆಗೇ ಚೆಲ್ಲಬೇಕು. ಮೇಲಾಗಿ ತಲೆಮಾರುಗಟ್ಟಲೆ ಕಾವಲು ಕಾಯಬೇಕಾದ ಕಸ. ಒಲೆ ಯಾವುದಾದರೇನು, ಗಂಜಿ ಬಸಿಯುವುದು ನಮ್ಮ ಕಾಲ ಮೇಲೆಯೇ ಏಕೆ?

ಕರೆಂಟಾದರೂ ನಮಗೆ ಬರುತ್ತದೆಯೇ? ಮುಂಬಯಿಯ ಅಂಗಡಿ ಕಿಟಕಿಗಳಲ್ಲಿ ಹಗಲಲ್ಲೂ ದೀಪ. ಸ್ಥಾವರದ ಗೋಡೆಗೊರಗಿದ ಚಾಳಿನ ಸಾಲುಮನೆಗಳಲ್ಲಿ ಲೋಡ್ ಶೆಡ್ಡಿಂಗ್. ಬಿಸಿ ನಮಗೆ, ಬೆಳಕು ಅವರಿಗೆ. ಇಷ್ಟು ಅಚ್ಚುಕಟ್ಟಾದ ಹಂಚಿಕೆಯನ್ನು ನಮ್ಮ ಹಳ್ಳಿಯ ಗೌಡನೂ ಮಾಡಿರಲಿಲ್ಲ.

ಚಂದ್ರಬಾಯಿ ಈಗ ಬುಟ್ಟಿ ಹೊತ್ತು ದಿವಾ ಸ್ಟೇಷನ್ನಿನಲ್ಲಿ ರೈಲುಗಾಡಿ ಹತ್ತಿ ಪನವೇಲ್ ಕಡೆಯ ಖಾಡಿಗೆ ಹೋಗುತ್ತಾಳೆ. ಅಲ್ಲಿಯ ಹೆಂಗಸರು “ಇಥೇ ಕಶಾಲಾ ಆಲೀಸ್?” ಎಂದು ಅಡ್ಡಗಟ್ಟುತ್ತಾರೆ. ಇಲ್ಲಿಗೇಕೆ ಬಂದೆ ಎಂಬ ಅವರ ಪ್ರಶ್ನೆ ತಪ್ಪಲ್ಲ. ಅವರ ದಂಡೆಯಲ್ಲಿ ಇರುವುದು ಅವರಿಗೇ ಸಾಲದು. ಹೋದ ವಾರ ಅವಳ ಬುಟ್ಟಿ ಕಿತ್ತು ಎಸೆದರು. ಬಡವರನ್ನು ಬಡವರ ಮೇಲೆ ಹಾಯಿಸುವ ಈ ಪರಿಣಾಮವನ್ನು ನಿಮ್ಮ ಪರಿಸರ ಪರಿಣಾಮದ ವರದಿಯಲ್ಲಿ ಯಾವ ಪುಟಕ್ಕೆ ಸೇರಿಸುತ್ತೀರಿ?

ಆದ್ದರಿಂದ ನಮ್ಮ ಬೇಡಿಕೆ ಹೀಗಿದೆ. ಬೇಡಿಕೆ ಎಂದೆ, ವಿನಂತಿ ಎನ್ನಲಿಲ್ಲ. ಎರಡನೇ ಘಟಕದ ಅನುಮತಿ ತಡೆಯಿರಿ. ಮೊದಲನೆಯದರ ನೀರನ್ನು ಗೋಪುರ ಕಟ್ಟಿ ತಣಿಸಿಯೇ ಹೊರಗೆ ಬಿಡುವಂತೆ ಮಾಡಿಸಿ. ಮತ್ತೆ ಸಭೆ ಕರೆಯುವುದಾದರೆ ಚಾಳಿನ ಅಂಗಳದಲ್ಲಿ, ಇಳಿತದ ಹೊತ್ತಿಗೆ ಕರೆಯಿರಿ. ಚಪ್ಪಲಿ ಬಿಟ್ಟು ಬನ್ನಿ, ಕೆಸರಿದೆ. ಚಂದ್ರಬಾಯಿ ಗಾಡಿ ಹತ್ತದೆ ತನ್ನ ದಂಡೆಯಲ್ಲೇ ಬುಟ್ಟಿ ತುಂಬಿಕೊಂಡು, ಹೊತ್ತೇರುವ ಮೊದಲು ಮನೆ ಸೇರಲಿ. ಅಲ್ಲಿಯವರೆಗೆ ಇನ್ನೊಂದು ಘಟಕದ ಮಾತೆತ್ತಲು ನಿಮಗೆ ಬಾಯಿಲ್ಲ.

ಇಂತಿ,
ಮೈಕು ಕಿತ್ತುಕೊಂಡದ್ದರಿಂದ ಉಳಿದ ಮಾತನ್ನು ಹೀಗೆ ಬೀದಿಯಲ್ಲಿ ಆಡಬೇಕಾಗಿ ಬಂದ
ಮಹಾದೇವಪ್ಪ
ಕಲ್ಯಾಣ ಪೂರ್ವ