ನನ್ನ ಪಾಲಿನ ನಮಸ್ಕಾರ

ಜುಲೈ 27, ಭಾನುವಾರ. ಮಧುಗಿರಿ

ಇವತ್ತು ನಾವು ಬೆಟ್ಟ ಹತ್ತಿಸಿದ ಬ್ಯಾಚು ಬೆಂಗಳೂರಿನ ಯಾವುದೋ ಆಫೀಸಿನೋರು. ಸೂರ್ಯ ಹುಟ್ಟೋಕೆ ಮುಂಚೆ ಬರ್ತೀವಿ ಅಂದೋರು ಬಿಸಿಲೇರಿದ ಮೇಲೆ ಬಂದ್ರು. ಒಬ್ಬಳು ಹೀಲ್ಸ್ ಹಾಕ್ಕೊಂಡು ಬಂದಿದ್ಲು. ಬೆಟ್ಟಕ್ಕೆ! ಏನ್ ಹೇಳೋಣ.

ಕಡಿದಾದ ಬಂಡೆ ಬಂದಾಗ ಎಲ್ಲರಿಗೂ ಹಗ್ಗ ಕಟ್ಟಿದೆ. ರಂಗೇಶಣ್ಣಂಗೆ ಹಗ್ಗ ಇಲ್ಲ, ಶೂನೂ ಇಲ್ಲ. ಬರಿಗಾಲು. ಬೆರಳು ಕಲ್ಲನ್ನ ಹಿಡೀಬೇಕು ಅಂತಾನೆ. ಅವನು ಹತ್ತೋದನ್ನ ಆ ಆಫೀಸಿನೋರು ವಿಡಿಯೋ ಮಾಡ್ಕೊಂಡಿದ್ದೇ ಮಾಡ್ಕೊಂಡಿದ್ದು.

ಗುರುವಾರ ಲೇಹ್‌ಗೆ ಹೊರಡೋದು. ರಂಗೇಶಣ್ಣ ನಾನು, ಅಣ್ಣ ತಂಗಿ ಇಬ್ಬರೂ, ಬೆನ್ನಿಗೊಂದೊಂದು ಬ್ಯಾಗು. ಅಲ್ಲಿ ಹಿಮದ ಮೇಲೆ ಹತ್ತೋದು ಕಲಿತು ಬಂದು ಇಲ್ಲಿ ನಮ್ಮದೇ ಕ್ಲೈಂಬಿಂಗ್ ಸ್ಕೂಲ್ ಮಾಡಬೇಕು. ಅವನ ಬಾಯಲ್ಲಿ ವರ್ಷದಿಂದ ಅದೇ ಮಾತು. ಅಮ್ಮ ಹುರಿಹಿಟ್ಟು ಮಾಡ್ತಾ ಕೂತಿದಾಳೆ, ಒಂದು ಊರಿಗೆ ಆಗೋಷ್ಟು.

ಆಗಸ್ಟ್ 2. ಲೇಹ್

ತಲೆ ಸಿಡೀತಿದೆ. ಎರಡು ದಿನ ಹಾಸಿಗೆ ಬಿಟ್ಟು ಏಳಬೇಡಿ ಅಂದಿದಾರೆ ಹಾಸ್ಟೆಲ್‌ನೋರು. ಅಣ್ಣ ಕೇಳ್ತಾನಾ? ಅಡುಗೆಮನೇಲಿ ಮುದ್ದೆ ಮಾಡಕ್ಕೆ ಹೋದ. ಇಷ್ಟು ಎತ್ತರದಲ್ಲಿ ನೀರು ಕುದೀತದೆ, ಹಿಟ್ಟು ಬೇಯಲ್ಲ. ಅಂಟಂಟು. ಹಾಗೇ ನುಂಗಿ, "ಚೆನ್ನಾಗೈತೆ ಬುಡು" ಅಂದ. ಸುಳ್ಳ.

ಸಂಜೆ ಊರಾಚೆ ಬಂಡೆಗಳ ಹತ್ರ ಕರ್ಕೊಂಡು ಹೋದ. ಅಂಗೈ ಇಟ್ಟು ನೋಡಿದ. ನಮ್ಮ ಮಿಡಿಗೇಶಿ ಬೆಟ್ಟದ ಕಲ್ಲೇ ಕಣೇ ಇದು, ನಮಗಿಂತ ಮುಂಚೆ ಬಂದು ಕೂತೈತೆ ಅಂತ ನಗ್ತಿದ್ದ. ಅಷ್ಟು ಖುಷಿಯಾಗಿ ಅವನನ್ನ ನೋಡಿ ಎಷ್ಟು ದಿನ ಆಗಿತ್ತೋ.

ಆಗಸ್ಟ್ 6

ಹಿಮದ ಬೆಟ್ಟಕ್ಕೆ ನಮ್ಮನ್ನ ಕರ್ಕೊಂಡು ಹೋಗೋ ಗೈಡು ಸ್ಟಾನ್ಜಿನ್. ನನ್ನದೇ ವಯಸ್ಸಿರಬೇಕು. ಮಾತು ಕಮ್ಮಿ, ಹಿಂದಿ ನಮಗಿಂತ ಪರವಾಗಿಲ್ಲ. ಬಾಡಿಗೆ ಬೂಟು ಕೊಡಿಸಿದ. ಅಣ್ಣಂಗೆ ಬೂಟು ಕಂಡ್ರೇ ಆಗಲ್ಲ. ಕಾಲಿಗೆ ಪೆಟ್ಟಿಗೆ ಕಟ್ಟಿದಂಗೈತೆ ಅಂತ ದಾರಿಯುದ್ದಕ್ಕೂ ಗೊಣಗಾಟ.

ಆಗಸ್ಟ್ 9. ಬೇಸ್ ಕ್ಯಾಂಪ್, ಮಧ್ಯಾಹ್ನ

ಥೂ. ಇವತ್ತೇ ಡೇಟ್ ಆಗಬೇಕಾ. ಹೊಟ್ಟೆನೋವು, ಚಳಿ. ಅಣ್ಣಂಗೆ ಹೇಳಿದೆ, ಹೇಳದೆ ವಿಧಿ ಇಲ್ಲ, ಒಂದೇ ಟೆಂಟು. ಆಗುತ್ತಾ, ಇಲ್ಲಾಂದ್ರೆ ಇಬ್ಬರೂ ವಾಪಸ್ ಹೋಗೋಣ ಅಂದ. ಆಗುತ್ತೆ ಅಂದೆ. ಬಿಸಿನೀರು ತುಂಬಿಸಿ ಬಾಟಲ್ ತಂದು ಹೊಟ್ಟೆ ಮೇಲೆ ಇಟ್ಕೋ ಅಂತ ಕೊಟ್ಟ.

ಊಟ ಮಾಡಿ ಮಲಗಿ, ಬೆಳಗಾಗೋಕೆ ಮುಂಚೆ ತುದಿಗೆ ಹೊರಡೋದು.

ಆಗಸ್ಟ್ 13. ಲೇಹ್, ಆಸ್ಪತ್ರೆ

ಬರೀಬೇಕು. ಇಲ್ಲಾಂದ್ರೆ ತಲೇಲೇ ಸುತ್ತುತ್ತೆ.

ತುದಿ ಮುಟ್ಟಿದ್ವಿ. ಬೆಳಕಾಗಿತ್ತು. ಗಾಳಿ ಮುಖಕ್ಕೆ ಹೊಡೀತಿತ್ತು. ಮೇಲೆ ಒಂದು ಕಲ್ಲುಗುಡ್ಡೆ, ಸುತ್ತ ಬಣ್ಣಬಣ್ಣದ ಬಾವುಟ. ಯಾರೋ ಒಂದು ತ್ರಿಶೂಲ ನೆಟ್ಟು ಅರಿಶಿನ ಕುಂಕುಮ ಬಳಿದಿದ್ರು. ಕುಂಕುಮ ನೋಡಿದ್ದೇ ತಡ, ಅಣ್ಣ ಕೂತು ಬೂಟು ಬಿಚ್ಚಕ್ಕೆ ಶುರು ಮಾಡಿದ. ದೇವರ ಮುಂದೆ ಮೆಟ್ಟು ಹಾಕ್ಕೊಂಡು ನಿಲ್ಲೋ ಜನವಾ ನಾವು? ಸ್ಟಾನ್ಜಿನ್ ಸ್ವಲ್ಪ ಕೆಳಗಿದ್ದ. ಭಯ್ಯಾ, ಜೂತಾ ಮತ್ ನಿಕಾಲೋ ಅಂತ ಕೂಗಿದ. ಅಣ್ಣ ಒಂದೇ ನಿಮಿಷ ಅಂತ ಕೈ ಮಾಡಿದ.

ನಾನು? ದೂರ ನಿಂತೆ. ಡೇಟ್ ಆಗಿತ್ತಲ್ಲ. ಇದೇ ವಿಷಯಕ್ಕೆ ಅಮ್ಮನ ಜೊತೆ ಎಷ್ಟು ಜಗಳ ಆಡಿದೀನಿ. ಇಂಥವೆಲ್ಲಾ ನಂಬಲ್ಲ ಅಂತ ಊರೆಲ್ಲಾ ಹೇಳ್ಕೊಂಡು ತಿರುಗಿದೋಳು ನಾನು. ಅಲ್ಲಿ ಹೋಗಿ ಕಂಬದ ಥರ ನಿಂತುಬಿಟ್ಟೆ. ಯಾರೂ ತಡೀಲಿಲ್ಲ. ಕಾಲು ತಾನಾಗೇ ನಿಂತ್ಕೊಳ್ತು.

ಅಣ್ಣ ತಿರುಗಿ ನೋಡಿದ. ಅವನಿಗೆ ಗೊತ್ತಾಯ್ತು.

"ಇರ್ಲಿ ಬುಡು. ನಿನ್ನ ಪಾಲಿಂದೂ ನಾನೇ ಕೈ ಮುಗಿದ್ಬುಡ್ತೀನಿ" ಅಂದ.

ಸಾಕ್ಸ್‌ನಲ್ಲಿ ಹಿಮದ ಮೇಲೆ ನಡೆದ. ಅಡ್ಡಬಿದ್ದ. ಎದ್ದ, ಪ್ರದಕ್ಷಿಣೆ ಹಾಕಿದ, ಮತ್ತೆ ಅಡ್ಡಬಿದ್ದ, ಅದು ನನ್ನದು. ಸ್ಟಾನ್ಜಿನ್ ಓಡಿ ಬಂದು ರೆಟ್ಟೆ ಹಿಡಿದು ಎಳ್ದ. ಅಷ್ಟೊತ್ತಿಗೆ ಸಾಕ್ಸ್ ಒದ್ದೆ. ಅದರ ಮೇಲೇ ಬೂಟು.

ಇಳಿಯುವಾಗ ಕಾಲು ನೋಯ್ತಿದೆಯಾ ಅಂತ ಕೇಳ್ತಾನೇ ಇದ್ದೆ. ಇಲ್ಲ, ಏನೂ ಗೊತ್ತೇ ಆಗ್ತಿಲ್ಲ, ಆರಾಮಾಗೈತೆ ಅಂದ. ನನಗೂ ಸಮಾಧಾನ ಆಯ್ತು. ಕ್ಯಾಂಪಲ್ಲಿ ಸಾಕ್ಸ್ ಬಿಚ್ಚಿದಾಗ ಬೆರಳೆಲ್ಲಾ ಮೇಣದ ಥರ ಬೆಳ್ಳಗಿತ್ತು. ಮುಟ್ಟಿದ್ರೆ ಗಟ್ಟಿ. ಸ್ಟಾನ್ಜಿನ್ ಅಣ್ಣನನ್ನ ಕುದುರೆ ಮೇಲೆ ಹತ್ತಿಸಿದ.

ನನ್ನ ಕಾಲು ನೆಟ್ಟಗಿದೆ. ಹತ್ತು ಬೆರಳೂ.

ಆಗಸ್ಟ್ 15

ಬೆಳ್ಳಗಿದ್ದಿದ್ದು ಈಗ ಕಪ್ಪಾಗ್ತಿದೆ. ಚಳಿಗೆ ಬೆರಳು ಹೆಪ್ಪುಗಟ್ಟಿದೆ, ಕಾಯಬೇಕು ಅಂತಾರೆ ಡಾಕ್ಟರು. ಎಲ್ಲೀವರೆಗೂ ಸತ್ತಿದೆ ಅಂತ ಕಾಲೇ ತೋರಿಸುತ್ತಂತೆ, ಅದು ಗೊತ್ತಾಗೋವರೆಗೂ ಕತ್ತರಿಸಬಾರದಂತೆ. ಕತ್ತರಿಸೋ ಮಾತನ್ನ ಎಷ್ಟು ಸಲೀಸಾಗಿ ಆಡ್ತಾರೆ ಇವರು.

ಅಮ್ಮಂಗೆ ಫೋನ್ ಮಾಡಿದೆ. ಕಾಲಿಗೆ ಸ್ವಲ್ಪ ಪೆಟ್ಟು ಅಂದೆ.

ಆಗಸ್ಟ್ 26. ಮಧುಗಿರಿ

ಮನೆ. ಕಟ್ಟು ಬಿಚ್ಚಿ ಡ್ರೆಸ್ಸಿಂಗ್ ಮಾಡುವಾಗ ಅಮ್ಮ ನೋಡಿಬಿಟ್ಲು. ಅಳಲಿಲ್ಲ. ಗೋಡೆಗೆ ಒರಗಿ ಕೂತ್ಕೊಂಡ್ಲು. ಹೆಂಗಾಯ್ತು ಅಂತ ಎಲ್ಲಾ ಕೇಳಿದ್ಲು, ಅಣ್ಣ ನನ್ನ ವಿಷಯ ಬಿಟ್ಟು ಎಲ್ಲಾ ಹೇಳಿದ. ದೇವರ ಮುಂದೆ ಮೆಟ್ಟು ಬಿಚ್ಚಿದ್ದಕ್ಕೆ ಇಂಗಾಯ್ತಾ ಅಂತ ಅದನ್ನೇ ಮತ್ತೆ ಮತ್ತೆ ಕೇಳ್ತಿದ್ಲು. ಆಮೇಲೆ ನನ್ನ ಕಡೆ ತಿರುಗಿದ್ಲು.

"ನೀನು ಬಿಚ್ಚಲಿಲ್ವೇನೇ?"

ಯಾಕೆ ದೂರ ನಿಂತೆ ಅಂತ ಹೇಳಿದ್ರೆ ಅಮ್ಮ ಇನ್ನೊಂದು ಲೆಕ್ಕ ಹಾಕ್ತಾಳೆ: ಅಂಥಾ ದಿನದಲ್ಲಿ ದೇವರಿದ್ದ ಕಡೆ ಹೋಗಿದ್ದಕ್ಕೇ ಇಂಗಾಯ್ತು ಅಂತ. ಅದು ಅಣ್ಣಂಗೂ ಗೊತ್ತು. ನಾನು ಏನಾದ್ರೂ ಅನ್ನೋಷ್ಟರಲ್ಲಿ ಅವನೇ ಅಂದ:

"ಅವಳು ಮೇಲಕ್ಕೆ ಬರ್ಲೇ ಇಲ್ಲ ಕಣಮ್ಮ. ಕೆಳಗೇ ಉಳ್ಕೊಂಡಿದ್ಲು."

ಒಂದು ಗಳಿಗೆ ಸಿಟ್ಟು ಬಂತು. ಹತ್ತಿದೀನಿ ನಾನು, ನಿನ್ನ ಸಮಕ್ಕೆ ಹತ್ತಿದೀನಿ ಅಂತ ಕೂಗಬೇಕು ಅನ್ನಿಸ್ತು. ಆಮೇಲೆ ಅವನ ಕಾಲು ನೋಡಿದೆ. ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಟ್ಟು ಅತ್ತೆ.

ಅಕ್ಟೋಬರ್ 7. ಬೆಂಗಳೂರು

ಆಪರೇಷನ್ ಆಯ್ತು. ಬಲಗಾಲಿನ ಎಲ್ಲಾ ಬೆರಳು. ಎಡಗಾಲಿನ ಹೆಬ್ಬೆರಳು.

ಎಚ್ಚರ ಆದಾಗ ಊಟ ಮಾಡಿದ್ಯಾ ಅಂತ ನನ್ನೇ ಕೇಳ್ದ.

ನವೆಂಬರ್ 16, ಭಾನುವಾರ. ಮಧುಗಿರಿ

ಮೊದಲನೇ ಬ್ಯಾಚು, ನಾನೊಬ್ಬಳೇ. ಸಿರಾ ಕಡೆ ಕಾಲೇಜಿನ ಹುಡುಗೀರು, ಮುದ್ದಾಗಿ ಮಾತು ಕೇಳ್ತಾರೆ. ಎಲ್ಲಾ ಸರಿಹೋಯ್ತು. ವಾಪಸ್ ಬಂದ್ರೆ ಅಣ್ಣ ಬಾಗಿಲಲ್ಲೇ ಕೂತಿದ್ದ. ಬಂಡೆ ಒದ್ದೆ ಇತ್ತಾ, ಯಾರಾದ್ರೂ ಹೆದರಿಕೊಂಡ್ರಾ, ಮೇಲಿನ ಕೋಟೆ ಬಾಗಿಲ ಹತ್ರ ಜೇನು ಇನ್ನೂ ಐತಾ. ಒಂದೊಂದಕ್ಕೂ ಉತ್ತರ ಕೊಟ್ಟೆ. ಚೆನ್ನಾಗಾಯ್ತು ಅಂತ ಹೇಳೋಕೆ ನಾಚಿಕೆ ಆಗ್ತಿತ್ತು. ಸುಮಾರಾಗಾಯ್ತು ಅಂದೆ.

ಕ್ಲೈಂಬಿಂಗ್ ಸ್ಕೂಲಿನ ಮಾತು ಇಬ್ಬರೂ ಎತ್ತಲ್ಲ.

ನವೆಂಬರ್ 30

ಸ್ಪೆಷಲ್ ಶೂ ಬಂತು. ಮುಂದೆ ಸ್ಪಂಜು ತುಂಬಿರ್ತಾರೆ. ರಸ್ತೇಲಿ ನಡೀವಾಗ ಅಷ್ಟಾಗಿ ಗೊತ್ತಾಗಲ್ಲ. ಅಮ್ಮಂಗೆ ಸಂತೋಷ, ಮಗ ಮೊದಲಿನ ಥರ ಆದ ಅಂತ. ಬೆಟ್ಟ ಒಂದು ಬುಟ್ಬುಡು ಕಣಪ್ಪಾ ಅಂತಾಳೆ, ಟೀ ಬುಟ್ಬುಡು ಅಂದಂಗೆ. ಅವನು ಹ್ಞೂಂ ಅಂತಾನೆ.

ಡಿಸೆಂಬರ್ 7, ಭಾನುವಾರ

ಬ್ಯಾಚ್ ಇರಲಿಲ್ಲ. ಅವನೇ ಬಂದು ಎಬ್ಬಿಸಿದ. ನಡಿಯೇ ಬೆಟ್ಟಕ್ಕೆ ಅಂದ. ಬೇಡ ಅನ್ನೋಕೆ ಆಗಲಿಲ್ಲ. ಅಮ್ಮಂಗೆ ಹೇಳಲಿಲ್ಲ.

ಮೆಟ್ಟಿಲು ಇರೋ ಕಡೆ ಆರಾಮಾಗಿ ಬಂದ. ಕಡಿದಾದ ಬಂಡೆ ಬಂತು. ಶೂ ಬಿಚ್ಚಿಟ್ಟ. ಹಗ್ಗ ಕಟ್ಟಿಕೋ ಅಂದೆ. ಬೈತಾನೆ ಅಂದ್ಕೊಂಡಿದ್ದೆ. ಸುಮ್ಮನೆ ಕೈ ಎತ್ತಿ ನಿಂತು ಕಟ್ಟಿಸಿಕೊಂಡ. ಅದನ್ನ ನೋಡಿ ನಂಗೆ ಭಯ ಆಯ್ತು.

ನಾನು ಮೇಲೆ ಹೋಗಿ ಕೂತು ಹಗ್ಗ ಹಿಡಿದೆ. ಶುರು ಮಾಡಿದ. ಕೈಯಲ್ಲೇ ಎಳ್ಕೊಂಡು ಸ್ವಲ್ಪ ದೂರ ಬಂದ. ಬಲಗಾಲು ಇಟ್ಟ, ಜಾರ್ತು. ಮತ್ತೆ ಇಟ್ಟ, ಜಾರ್ತು. ಕಾಲು ಕಲ್ಲಿನ ಮೇಲೇ ಇದೆ, ಹಿಡೀತಿಲ್ಲ. ಎಡಕ್ಕೊಂದು ಗುಳಿ ಐತೆ ಅಣ್ಣಾ ಅಂತ ಕೂಗಿದೆ. ಆ ಗುಳಿ ನಂಗೆ ತೋರಿಸಿಕೊಟ್ಟೋನೇ ಅವನು. ಸರಿ ಸರಿ ಅಂದ, ಹೊಸಬನ ಥರ.

ಹಣೆ ಬಂಡೆಗೆ ಒತ್ತಿಕೊಂಡು ತುಂಬಾ ಹೊತ್ತು ಹಾಗೇ ಇದ್ದ. ಅಳ್ತಿದಾನೋ ಸುಧಾರಿಸ್ಕೊಳ್ತಿದಾನೋ ಗೊತ್ತಾಗಲಿಲ್ಲ. ಆಮೇಲೆ ಹಗ್ಗ ಬಿಗಿಯಾಯ್ತು. ಪೂರ್ತಿ ಭಾರ ನನ್ನ ಕೈಗೆ ಬಂತು. ಜಾರಿದ್ದಲ್ಲ. ತಾನೇ ಕೈ ಬಿಟ್ಟ.

"ಇಳಿಸು ರಕ್ಷು."

ಇನ್ನೊಂದು ಸಲ ನೋಡಣ್ಣ, ಹಿಡ್ಕೊಂಡಿದೀನಿ ಅಂದೆ.

"ಇಳಿಸೇ. ಸಾಕು."

ಇಳಿಸಿದೆ. ನಾನು ಕೆಳಗೆ ಬರೋಷ್ಟರಲ್ಲಿ ಶೂ ಹಾಕ್ಕೊಂಡು, ಹಗ್ಗ ಸುತ್ತಿ ಇಟ್ಟಿದ್ದ. ಮುಂದಿನ ವಾರ ಬ್ಯಾಚು ಎಷ್ಟೊತ್ತಿಗೆ ಬರ್ತಾರೆ ಅಂತ ಕೇಳಿದ. ಹೇಳಿದೆ.

ಮನೇಲಿ ಅಮ್ಮ ಬಾಗಿಲಲ್ಲೇ ನಿಂತಿದ್ಲು. ಇಷ್ಟೊತ್ತಲ್ಲಿ ಇಬ್ಬರೂ ಎಲ್ಲಿಗೋಗಿದ್ರಿ ಅಂದ್ಲು. ಅಣ್ಣ ಒಳಗೆ ಹೋಗಿ ಕದ ಹಾಕ್ಕೊಂಡ. ಯಾವತ್ತೂ ಅವನೇ ಹೇಳೋದು. ಈ ಸಲ ನಾನೇ ಹೇಳಬೇಕು, ಎಲ್ಲಾ ಹೇಳಬೇಕು ಅಂತ ಬಾಯಿ ತೆಗೆದೆ. ಅಮ್ಮಾ, ಅವತ್ತು ನಾನೂ ಮೇಲೆ ಹತ್ತಿದ್ದೆ, ನನ್ನ ಪಾಲಿನ ನಮಸ್ಕಾರನೂ ಅಣ್ಣನೇ ಮಾಡಿದ ಅಂದೆ.