ಶಿಕಾರಿ ಬಂಗಲೆಗೆ ನಾವು ಹೆಂಗಸರು ಹೋದದ್ದು

ರಾಣೆಬೆನ್ನೂರು
೧೮ ಜನವರಿ ೧೯೮೮, ಸೋಮವಾರ

ಪ್ರೀತಿಯ ಮಗಳು ಚೌಡವ್ವನಿಗೆ ನಿನ್ನ ಅವ್ವನ ಮನಸಾರೆ ಆಶೀರ್ವಾದ.

ನಿನ್ನ ನೆಗಡಿ ಹೇಗಿದೆ? ಧಾರವಾಡದ ಚಳಿಗೆ ಹಾಸ್ಟೆಲ್ಲಿನ ಆ ತೆಳು ರಗ್ಗು ಸಾಲುವುದಿಲ್ಲ ಎಂದು ದೀಪಾವಳಿಗೇ ಹೇಳಿದ್ದೆ. ನೀನು ಅಪ್ಪನ ಜೊತೆ ಜಗಳ ತೆಗೆದು, ಬೇಟೆಯ ಕೊಂಬು ತೂಗುಹಾಕಿದ ಮನೆಯಲ್ಲಿ ಊಟ ಸೇರುವುದಿಲ್ಲ ಎಂದು ಹೇಳಿ, ಕೌದಿಯನ್ನೂ ಬಿಟ್ಟು ಬಸ್ಸು ಹತ್ತಿದೆ. ನಾಳೆ ನಮ್ಮ ಗಿರಣಿಯ ಲಾರಿ ಹುಬ್ಬಳ್ಳಿಗೆ ಹೊರಟಿದೆ, ಅದರಲ್ಲಿ ಕೌದಿ ಕಳಿಸುತ್ತೇನೆ. ಜೊತೆಗೆ ಶೇಂಗಾ ಹೋಳಿಗೆಯೂ ಇದೆ, ಗೆಳತಿಯರಿಗೂ ಕೊಡು. ರಾತ್ರಿ ಬಿಸಿನೀರು ಕುಡಿ. ಓದು ಎಂದು ಎದ್ದು ಕೂತು ಕಣ್ಣು ಕೆಡಿಸಿಕೊಳ್ಳಬೇಡ. ಅಜ್ಜಿಯ ಮೊಣಕಾಲು ನೋವು ಇದ್ದ ಹಾಗೇ ಇದೆ, ಬಾಯಿ ಮಾತ್ರ ಮೊದಲಿಗಿಂತ ಚುರುಕಾಗಿದೆ.

ಈಗ ಸುದ್ದಿ ಕೇಳು. ನಾನು ಶಿಕಾರಿ ಬಂಗಲೆ ನೋಡಿಬಂದೆ! ನಿನ್ನ ಅವ್ವನೇ ಕಣೇ, ಬೇರೆ ಯಾರೂ ಅಲ್ಲ. ನಿನ್ನ ಅಜ್ಜ ಹತ್ತಿ ಗಿರಣಿಯ ಮೊದಲ ಲಾಭದಲ್ಲಿ ಹಲಗೇರಿಯ ಆಚೆ ಆ ಹುಲ್ಲುಗಾವಲು ಕೊಂಡು, ಸುತ್ತ ಬೇಲಿ ಹಾಕಿಸಿ, ನಡುವೆ ಬಂಗಲೆ ಕಟ್ಟಿಸಿದ ಕಥೆಯನ್ನು ಈ ಮನೆಗೆ ಸೊಸೆಯಾಗಿ ಬಂದ ದಿನದಿಂದ ಕೇಳುತ್ತಿದ್ದೇನೆ. ಮುಂಬಯಿಯಿಂದ ಬಟ್ಟೆ ಗಿರಣಿಗಳ ಮಾಲೀಕರು ಹಾಸಿಗೆ ಸುರುಳಿ, ಬಂದೂಕು ಕಟ್ಟಿಕೊಂಡು ರೈಲಿನಲ್ಲಿ ಇಳಿಯುತ್ತಿದ್ದರು. ಚಿಗರಿ, ಅದೇ ನಿಮ್ಮ ಪುಸ್ತಕದ ಕೃಷ್ಣಮೃಗ, ಹೊಡೆದು, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡು, ಬ್ಯಾಡಗಿ ಮೆಣಸಿನಕಾಯಿಯ ಚೀಲ ಹೊತ್ತು ಹೋಗುತ್ತಿದ್ದರು. ಅಲ್ಲಿಗೆ ಹೋಗುವ ಬುತ್ತಿಯೆಲ್ಲ ನಮ್ಮ ಕೈಯದು. ಆದರೆ ಬೇಲಿಯೊಳಗೆ ಕಾಲಿಡುವಂತಿರಲಿಲ್ಲ. "ಹೆಣ್ಣುಮಕ್ಕಳ ಸಪ್ಪಳಕ್ಕ ಮಿಗ ಓಡತಾವ" ಎನ್ನುತ್ತಿದ್ದರು ನಿನ್ನ ಅಜ್ಜ. ಸರ್ಕಾರ ಬೇಟೆ ನಿಲ್ಲಿಸಿದ ಮೇಲೆ ಅವರೇ ಬಂದೂಕುಗಳನ್ನು ಕಪಾಟಿಗೆ ಹಾಕಿ ಬೀಗ ಜಡಿದರು. ನಿನ್ನ ಅಪ್ಪ ಆಮೇಲೆ ಒಂದು ಗುಂಡೂ ಹಾರಿಸಿದವರಲ್ಲ, ಅದನ್ನು ನೀನು ಜಗಳದ ಭರದಲ್ಲಿ ಮರೆತಿದ್ದೆ.

ದಾವಣಗೆರೆಯಲ್ಲಿ ನೂಲಿನ ಗಿರಣಿ ನಡೆಸುವ ಮೈಲಾರಪ್ಪನವರು ನಿನ್ನೆ ಬಂದಿದ್ದರು. ಜೊತೆಗೆ ಅವರ ಹೆಂಡತಿ ಶೇಖವ್ವ ಮತ್ತು ಮಗ ಉಡಚಪ್ಪ. ಇಲ್ಲೊಂದು ನೂಲಿನ ಗಿರಣಿಯನ್ನು ಇಬ್ಬರೂ ಕೂಡಿ ಕಟ್ಟಬೇಕೆಂಬುದು ನಿನ್ನ ಅಪ್ಪನ ಬಹುದಿನದ ಆಸೆ. ಬಂಗಲೆಯಲ್ಲಿ ಊಟಕ್ಕೆ ಏರ್ಪಾಡು ಮಾಡಿದರು. ಅಲ್ಲಿ ಅಡುಗೆ ಮಾಡುವ ಗೂಡುಸಾಬ ಮೊಮ್ಮಗಳಿಗೆ ಹೆಸರಿಡಲು ಕರ್ಜಗಿಗೆ ಹೋಗಿದ್ದ. ನಾನು ಸೆರಗು ಸಿಕ್ಕಿಸಿ, "ನಾ ಹೋಗತೇನಿ. ಇಷ್ಟು ವರ್ಷ ಬುತ್ತಿ ಕಟ್ಟಿ ಕಳಿಸೇನಿ, ಅದನ್ನ ಎಲ್ಲಿ ಕುಂತು ತಿಂತೀರಿ ಅನ್ನೂದನ್ನರೆ ನೋಡತೇನಿ" ಎಂದೆ. ಅಪ್ಪ, "ಅಲ್ಲಿಗೆ ಹೆಣ್ಣುಮಕ್ಕಳು ಹೋಗೂ ಪದ್ಧತಿ ಇಲ್ಲಲಾ" ಎಂದರು. "ರೊಟ್ಟಿ ಬಡಿಯೂ ಪದ್ಧತಿ ನಿಮಗೈತೇನು?" ಎಂದು ಕೇಳಿದೆ. ಅಜ್ಜಿ ಒಳಗಿನಿಂದಲೇ ನಕ್ಕರು. ಶೇಖವ್ವನೂ ನನ್ನ ಜೊತೆ ಎದ್ದರು.

ಬಂಗಲೆ ಎಂದರೆ ಏನೋ ಎಂದುಕೊಂಡಿದ್ದೆ. ಪಡಸಾಲೆ ತುಂಬ ಕೊಂಬು, ಕೊಂಬಿನ ತುಂಬ ಜೇಡರ ಬಲೆ. ಗೋಡೆಯ ಮೇಲಿನ ಚಿರತೆಯ ತಲೆಗೆ ಒಂದು ಗಾಜಿನ ಕಣ್ಣು ಬಿದ್ದುಹೋಗಿ, ಅದು ನಮ್ಮ ಗಿರಣಿಯ ಮುದುಕ ಕಾವಲುಗಾರನ ಹಾಗೆ ಒಂದೇ ಕಣ್ಣಿನಲ್ಲಿ ನೋಡುತ್ತಿತ್ತು. ಶೇಖವ್ವ ಕೈ ತೊಳೆದು ಬಂದವರು ಒದ್ದೆ ಟವೆಲ್ಲನ್ನು ಸೀದಾ ಒಂದು ಜೋಡಿ ಕೊಂಬಿಗೆ ಒಣಹಾಕಿದರು. ನಾವಿಬ್ಬರೂ ನಕ್ಕು ನಕ್ಕು ಸಾಕಾದೆವು. ಹೊಸದಾಗಿ ಮದುವೆಯಾದವರ ಹಾಗೆ ಕೋಣೆ ಕೋಣೆ ಇಣುಕಿ ನೋಡಿದೆವು.

ಅಷ್ಟರಲ್ಲಿ ಮೈಲಾರಪ್ಪನವರು ಕಾರಿನ ಡಿಕ್ಕಿಯಿಂದ ಬಂದೂಕು ತೆಗೆದರು. ನನ್ನ ನಗು ಅಲ್ಲೇ ನಿಂತಿತು. "ಶೇಖಪ್ಪನವರ, ಒಂದ ಒಂದು ಚಿಗರಿ. ಬೇಲಿ ಒಳಗ ನಿಮ್ಮ ಜಾಗಾ, ಯಾರಿಗೆ ಗೊತ್ತಾಕೈತಿ?" ಎಂದು ನಿನ್ನ ಅಪ್ಪನನ್ನು ಕೇಳಿದರು. ನಿನ್ನ ಅಪ್ಪನ ಮುಖ ನೋಡಲಾಗಲಿಲ್ಲ. ಬೇಡ ಎಂದರೆ ಗಿರಣಿಯ ಮಾತು ಮುರಿಯುತ್ತದೆ, ಹೂಂ ಎಂದರೆ ತಪ್ಪಾಗುತ್ತದೆ. ಅವರು ಟೊಪ್ಪಿಗೆ ಸರಿಮಾಡಿಕೊಂಡು ಜೀಪಿನಲ್ಲಿ ಕೂತರು. ಜೀಪು ಓಡಿಸುವ ಶಮಶೇರಸಾಬ ನನ್ನ ಕಡೆ ಒಮ್ಮೆ ನೋಡಿ ಇಂಜಿನ್ ಚಾಲೂ ಮಾಡಿದ. ನಾನು ಯಾರನ್ನೂ ಕೇಳದೆ ಹಿಂದೆ ಹತ್ತಿದೆ, ಶೇಖವ್ವನನ್ನೂ ಕೈಹಿಡಿದು ಎಳೆದುಕೊಂಡೆ. ಉಡಚಪ್ಪ ನಮ್ಮ ಎದುರಿಗೆ ತಲೆ ತಗ್ಗಿಸಿ ಕೂತಿದ್ದ.

ಚೌಡೂ, ಅವುಗಳನ್ನು ಜೀವಂತ ನೋಡಿದ್ದು ನಾನು ಅದೇ ಮೊದಲು. ಬಂಗಾರದ ಬಣ್ಣಕ್ಕೆ ತಿರುಗಿದ ಹುಲ್ಲಿನ ನಡುವೆ ದೊಡ್ಡ ಹಿಂಡು. ಗಂಡಿನ ಬೆನ್ನು ಕಪ್ಪು, ಹೊಟ್ಟೆ ಹಾಲಿನ ಹಾಗೆ ಬಿಳುಪು, ಕೊಂಬು ಹುರಿ ಹೊಸೆದ ಹಾಗೆ. ಹೆಣ್ಣುಗಳು ಕಿವಿ ಎತ್ತಿ ನಮ್ಮನ್ನೇ ನೋಡುತ್ತಿದ್ದವು. ಒಂದರ ಮಗ್ಗುಲಲ್ಲಿ ಮರಿ ನಿಂತಿತ್ತು, ಕಾಲು ಎಷ್ಟು ಸಣ್ಣವು ಅಂತೀಯಾ! ಮೈಲಾರಪ್ಪನವರು ಬಂದೂಕನ್ನು ಹೆಗಲಿಗೆ ಏರಿಸಿದರು. ನನಗೆ ಏನಾಯಿತೋ ತಿಳಿಯದು. ಎದ್ದು ನಿಂತವಳೇ ಕಾಲ ಬಳಿ ಇದ್ದ ಬುತ್ತಿಯ ಸ್ಟೀಲ್ ಡಬ್ಬಿಯ ಮುಚ್ಚಳವನ್ನು ಜೀಪಿನ ಕಂಬಿಗೆ ಬಡಿಬಡಿದು, "ಓಡ್ರಿ! ಓಡ್ರೆವ್ವಾ, ಓಡ್ರಿ!" ಎಂದು ಕೂಗಿದೆ. ಶೇಖವ್ವನೂ ಹೋ ಎಂದರು. ಇಡೀ ಹಿಂಡು ನೆಲ ಸುಟ್ಟಂತೆ ಮೇಲಕ್ಕೆ ನೆಗೆದು, ಗಾಳಿಯಲ್ಲೇ ತಿರುಗಿ ಹಾರಿಹೋಯಿತು. ಉಡಚಪ್ಪ ಜೀಪಿನಿಂದ ಧುಮುಕಿ, ಹೆಗಲ ಮೇಲಿನ ವಲ್ಲಿ ಬೀಸುತ್ತ ಹಿಂದೆ ಉಳಿದ ನಾಲ್ಕೈದನ್ನು ಅಟ್ಟಿಕೊಂಡು ಓಡಿ, ಜಾಲಿಯ ಮುಳ್ಳುಕಂಟಿಯಲ್ಲಿ ಬಿದ್ದ.

ಮೈಲಾರಪ್ಪನವರ ಮುಖ ಕೆಂಡವಾಗಿತ್ತು. "ಇದೇನು ಮರ್ಯಾದಿ? ಕರಿಸಿ ನಗಿ ಮಾಡಾಕತ್ತೀರೇನು?" ಎಂದರು. ನಿನ್ನ ಅಪ್ಪನ ಆಸೆಯನ್ನೆಲ್ಲ ಒಂದು ಮುಚ್ಚಳದಿಂದ ಒಡೆದೆನೇ ಎಂದು ಅನಿಸಿತು. ಆಗ ಅಪ್ಪ ಜೀಪಿನಿಂದ ಇಳಿದು ಟೊಪ್ಪಿಗೆ ತೆಗೆದರು. "ಬೈಯೂದಿದ್ದರ ನನಗ ಬೈರಿ. ಬ್ಯಾಡ ಅಂತ ನಾನ ಹೇಳಬೇಕಾಗಿತ್ತು, ಬಾಯಿ ಬರಲಿಲ್ಲ. ಆಕಿ ಹೇಳಿದಳು. ಗಿರಣಿ ಆಗಲಿ ಬಿಡಲಿ, ಈ ಬೇಲಿಯೊಳಗ ಇನ್ನ ಬಂದೂಕು ಎತ್ತೂದು ಬ್ಯಾಡ" ಎಂದರು. ನೀನು ಅದನ್ನು ಕೇಳಬೇಕಾಗಿತ್ತು ಮಗಳೇ.

ಬಂಗಲೆಗೆ ಮರಳಿದ ಮೇಲೆ ಮೈಲಾರಪ್ಪನವರು ಊಟ ಬೇಡವೆಂದು ಕಾರಿನಲ್ಲಿ ಕೂತರು. ಶೇಖವ್ವ ಕರೆಯಲೇ ಇಲ್ಲ. "ಹಸಿದರ ಬರತಾರ, ನೀವು ಬಡೀರಿ" ಎಂದು ನನ್ನ ಪಕ್ಕ ಕೂತು ರೊಟ್ಟಿ ಬೇಯಿಸಿದರು. ನಾನು ಎಣ್ಣೆಗಾಯಿಗೆ ಒಗ್ಗರಣೆ ಕೊಟ್ಟೆ, ತವರಿನಿಂದ ಬಂದ ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಚಟ್ನಿಯ ಡಬ್ಬಿ ತೆರೆದೆ. ಸ್ವಲ್ಪ ಹೊತ್ತಿಗೆ ಕಾರಿನ ಬಾಗಿಲು ತೆರೆಯಿತು. "ಒಂದು ರೊಟ್ಟಿ ಹಾಕ್ರಿ" ಎಂದು ಬಂದರು. ಒಂದಕ್ಕೆ ಏಳಲಿಲ್ಲ. ಸಂಜೆ ಹೊರಡುವಾಗ ಹಿಂಡು ಮತ್ತೆ ಹೊಂಡದ ಕಡೆಗೆ ಬಂತು. ಅವರು ಬೇಲಿ ಹಿಡಿದು ನಿಂತುಬಿಟ್ಟರು. "ಇವುನ್ನ ಬೀಳೂದಷ್ಟ ನೋಡೇನಿ ನೋಡ್ರಿ, ಹಿಂಗ ನೀರು ಕುಡಿಯೂದನ್ನ ಯಾವಾಗ ನೋಡಿದ್ನಿ?" ಎಂದರು. ಗಿರಣಿಗೆ ಜಾಗ ಅಳೆಯಲು ಬುಧವಾರ ತಮ್ಮ ಇಂಜಿನಿಯರನ್ನು ಕಳಿಸುತ್ತಾರಂತೆ! ಬರುವ ತಿಂಗಳು ನಮ್ಮ ಗಿರಣಿಯಲ್ಲಿ ಹತ್ತಿ ಆರಿಸುವ ಹೆಂಗಸರನ್ನೆಲ್ಲ ಮಕ್ಕಳ ಸಮೇತ ಬಂಗಲೆಗೆ ಊಟಕ್ಕೆ ಕರೆದೊಯ್ಯೋಣ ಎಂದೆ. ಅಪ್ಪ ತಕ್ಷಣ ಒಪ್ಪಿದರು. ಇಂದು ಬೆಳಿಗ್ಗೆ ಏಣಿ ಹಾಕಿ ಮನೆಯ ಕೊಂಬುಗಳನ್ನೂ ತಾವೇ ಇಳಿಸಿದರು.

ಅಜ್ಜಿ ನಿನಗೆ ಮುದ್ದು ಹೇಳಿದ್ದಾರೆ, ಶಮಶೇರಸಾಬ ಸಲಾಮು ಹೇಳಿದ್ದಾನೆ. ಮೈ ಬೆಚ್ಚಗಿಟ್ಟುಕೋ, ಹೊಟ್ಟೆತುಂಬ ಉಣ್ಣು, ನೂರು ಕಾಲ ನಗುತ್ತಿರು.

ನಿನ್ನ ಅವ್ವ,
ಉಚ್ಚಂಗೆವ್ವ

ತಾ.ಕ.: ಟಪಾಲಿಗೆ ಹೊತ್ತಾಯಿತು, ಬೇಗ ಹೇಳಿಬಿಡುತ್ತೇನೆ. ಅವರು ಬಂದದ್ದು ಗಿರಣಿಗಷ್ಟೇ ಅಲ್ಲ, ಉಡಚಪ್ಪನಿಗೆ ನಿನ್ನನ್ನು ಕೇಳಲೂ ಬಂದಿದ್ದರು. ಮೊದಲು ನನಗೂ ಅಪ್ಪ ಹೇಳಿರಲಿಲ್ಲ, ಅದಕ್ಕೆ ಅವರನ್ನು ಬೇರೆಯಾಗಿಯೇ ಬೈದಿದ್ದೇನೆ. ಉಡಚಪ್ಪನ ಅಂಗೈಯಿಂದ ಮುಳ್ಳು ತೆಗೆಯುವಾಗ ಅವನೇ ಹೇಳಿದ, "ಅವ್ವಾರ, ದೊಡ್ಡವರು ಒಪ್ಪಿದರಷ್ಟ ಆಗಲಿಲ್ಲ. ನಾ ಧಾರವಾಡಕ್ಕ ಹೋಗಿ ಆಕಿನ್ನ ಕೇಳತೇನಿ, ಒಲ್ಲೆ ಅಂದರ ಚಾ ಕುಡಿದು ಬರತೇನಿ." ಈ ಭಾನುವಾರ ತಾಯಿಯ ಜೊತೆ ಬರುತ್ತಾನೆ. ನನಗೆ ಹುಡುಗ ಹಿಡಿಸಿದ್ದಾನೆ, ಆದರೆ ಬಾಳುವವಳು ನೀನು. ಬರುವುದೇ ಬೇಡ ಎಂದರೆ ಶುಕ್ರವಾರದೊಳಗೆ ಗಿರಣಿಗೆ ಫೋನ್ ಮಾಡಿ ಒಂದು ಮಾತು ಹೇಳು, ಕಾರಣ ಕೇಳುವುದಿಲ್ಲ. ಬರಲಿ ಎಂದರೆ ಸುಮ್ಮನಿರು. ಹುಟ್ಟಿದಾಗಿನಿಂದ ನೀನು ಇಷ್ಟವಿಲ್ಲದ್ದಕ್ಕೆ ಸುಮ್ಮನಿದ್ದದ್ದನ್ನು ನಾನು ನೋಡಿಲ್ಲ.